ಗುಡಿಬಂಡೆಯ ಮಾವು, ಬಾಗೇಪಲ್ಲಿಯ ಒಲೆ

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ದೇವನಹಳ್ಳಿಯನ್ನು ದಾಟಿದ ಮೇಲೆ ಭೂಮಿಯ ಬಣ್ಣವೂ ಗಾಳಿಯ ಗುಣವೂ ಬೇರೆಯಾಗತೊಡಗುವುವು. ಎಡಗಡೆಯಲ್ಲಿ ನಂದಿಯ ಬೆಟ್ಟಗಳು ಒಂದರ ಹಿಂದೊಂದು ಎದ್ದು ನಿಲ್ಲುತ್ತವೆ. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ ಎಂಬ ನದಿಗಳು ಈ ಗಿರಿಶ್ರೇಣಿಯ ಮಗ್ಗುಲಲ್ಲಿಯೇ ಹುಟ್ಟುವುವು. ಹೆಸರುಗಳು ಪುರಾಣೋಕ್ತವಾಗಿ ಗಂಭೀರವಾಗಿವೆ. ನೀರು ಮಾತ್ರ ವರ್ಷದ ಬಹುಭಾಗ ಮರಳಿನ ಅಡಿಯಲ್ಲಿ ಅಡಗಿರುವುದು. ಚಿಕ್ಕಬಳ್ಳಾಪುರವನ್ನು ಕಳೆದು ಪೇರೇಸಂದ್ರದಲ್ಲಿ ಎಡಕ್ಕೆ ತಿರುಗಿದರೆ ಗುಡಿಬಂಡೆ. ತಿರುಗದೆ ನೇರವಾಗಿ ಹೋದರೆ, ಬೆಂಗಳೂರಿನಿಂದ ಸುಮಾರು ೧೦೦ ಕಿಲೋಮೀಟರು ದೂರದಲ್ಲಿ, ಆಂಧ್ರದ ಗಡಿಗೆ ಒತ್ತಿಕೊಂಡಂತೆ ಬಾಗೇಪಲ್ಲಿ. ಈ ಎರಡು ತಾಲ್ಲೂಕುಗಳೂ ೨೦೦೭ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದುವು. ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿವೆ. ಬಾಗೇಪಲ್ಲಿಗೆ ಭಾಗ್ಯನಗರವೆಂದು ಹೆಸರಿಡಲು ೨೦೨೫ರಲ್ಲಿ ರಾಜ್ಯದ ಸಚಿವಸಂಪುಟವು ಒಪ್ಪಿಗೆ ಕೊಟ್ಟಿತು. ಜನರ ಬಾಯಲ್ಲಿ ಹಳೆಯ ಹೆಸರೇ ಇದೆ, ನಾವೂ ಅದನ್ನೇ ಬಳಸುವೆವು.

ಕೋಟೆಯನ್ನು ನೋಡಲು, ಕೆರೆಯನ್ನು ನೋಡಲು ಈ ಕಡೆಗೆ ಬರುವವರು ಅನೇಕರುಂಟು. ನಾವು ಹೋದುದಕ್ಕೆ ಇನ್ನೊಂದು ಕಾರಣವಿದ್ದಿತು. ಲೋಕದ ದೊಡ್ಡ ದೊಡ್ಡ ಕಂಪನಿಗಳು ತಮ್ಮ ಹೊಗೆಯ ಲೆಕ್ಕವನ್ನು ಸರಿದೂಗಿಸುವುದಕ್ಕಾಗಿ ದೂರದ ಹಳ್ಳಿಗಳಲ್ಲಿ ಹಣ ಹೂಡುವ ಪದ್ಧತಿಯೊಂದು ಈಚಿನ ಮೂರು ದಶಕಗಳಲ್ಲಿ ಬೆಳೆದಿದೆ. ಇದಕ್ಕೆ ಕಾರ್ಬನ್ ಆಫ್‌ಸೆಟ್ ಎನ್ನುವರು. ಈ ಪದ್ಧತಿಯು ಸೋತ ಕಥೆಯೊಂದೂ, ಬಹುಮಟ್ಟಿಗೆ ಗೆಲ್ಲಲು ಹವಣಿಸಿದ ಕಥೆಯೊಂದೂ, ಪಕ್ಕಪಕ್ಕದ ಈ ಎರಡು ತಾಲ್ಲೂಕುಗಳಲ್ಲಿಯೇ ನಡೆದಿರುವುದು. ಬೆಂಗಳೂರಿನ ಕಂಪನಿಯೊಂದರಲ್ಲಿ ಇಂತಹ ಲೆಕ್ಕವನ್ನೇ ಬರೆಯುವ ಉದ್ಯೋಗದಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನು, “ಮೇಷ್ಟ್ರೇ, ಕಾಗದದಲ್ಲಿ ದಿನವೂ ನೋಡುತ್ತೇನೆ, ನೆಲದ ಮೇಲೆ ಒಮ್ಮೆ ನೋಡಿ ಬರೋಣ ಬನ್ನಿ” ಎಂದು ಕರೆದನು. ಕಾರ್ತಿಕ ಮಾಸದ ಒಂದು ಬೆಳಗ್ಗೆ ಇಬ್ಬರೂ ಹೊರಟೆವು.

ವಿಷಯವು ವಾಚಕರಲ್ಲಿ ಕೆಲವರಿಗೆ ಹೊಸದಾಗಿರಬಹುದಾದುದರಿಂದ ಮೊದಲು ಅದನ್ನು ವಿಶದಪಡಿಸುವೆವು. ಕಲ್ಲಿದ್ದಲು, ಪೆಟ್ರೋಲು, ಸೀಮೆಎಣ್ಣೆಗಳನ್ನು ಉರಿಸಿದಾಗ ಇಂಗಾಲದ ಡೈ ಆಕ್ಸೈಡ್ ಹೊರಡುವುದು. ನಾವು ಓದುತ್ತಿದ್ದ ಹಳೆಯ ಪಠ್ಯಪುಸ್ತಕಗಳಲ್ಲಿ ಇದನ್ನು ಇಂಗಾಲಾಮ್ಲವಾಯುವೆಂದು ಕರೆಯುತ್ತಿದ್ದರು. ಇದು ಗಾಳಿಯಲ್ಲಿ ಹೆಚ್ಚಿದಷ್ಟೂ ಭೂಮಿಯ ಕಾವು ಹೆಚ್ಚುವುದು. ಇದಕ್ಕೆ ದೇಶಭೇದವಿಲ್ಲ. ಲಂಡನ್ನಿನಲ್ಲಿ ಹೊರಟ ಒಂದು ಟನ್ನೂ ಬಾಗೇಪಲ್ಲಿಯಲ್ಲಿ ಹೊರಟ ಒಂದು ಟನ್ನೂ ಆಕಾಶಕ್ಕೆ ಒಂದೇ. ಆದಕಾರಣ, ಒಂದೆಡೆ ತಪ್ಪಿಸಲಾಗದ ಹೊಗೆಯನ್ನು ಇನ್ನೊಂದೆಡೆ ಅಷ್ಟೇ ಹೊಗೆಯನ್ನು ನಿಲ್ಲಿಸುವುದರಿಂದಲೋ, ಗಿಡಮರಗಳಲ್ಲಿ ಹೀರಿಸಿ ಇಡುವುದರಿಂದಲೋ ಸರಿಗಟ್ಟಬಹುದೆಂಬುದು ಈ ಪದ್ಧತಿಯ ತರ್ಕ. ಹೀಗೆ ಉಳಿಸಿದ ಒಂದೊಂದು ಟನ್ನಿಗೂ ಒಂದೊಂದು ಪತ್ರ ಹುಟ್ಟುವುದು. ಅದಕ್ಕೆ ಕ್ರೆಡಿಟ್ ಎಂದು ಹೆಸರು. ಕಂಪನಿಯು ಅದನ್ನು ಕೊಂಡು ತನ್ನ ಲೆಕ್ಕದಲ್ಲಿ ತೋರಿಸಿ, ಇನ್ನಾರೂ ಅದನ್ನು ಮತ್ತೆ ಮಾರದಂತೆ ದಫ್ತರದಲ್ಲಿ ರದ್ದು ಮಾಡಿಸಬೇಕು.

೧೯೯೭ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಆದ ಒಪ್ಪಂದವು ಶ್ರೀಮಂತ ದೇಶಗಳಿಗೆ ಹೊಗೆಯ ಮಿತಿಯನ್ನು ವಿಧಿಸಿತು. ಅದರೊಂದಿಗೇ, ಬಡ ದೇಶಗಳಲ್ಲಿ ಹೊಗೆ ಇಳಿಸುವ ಕಾರ್ಯಗಳಿಗೆ ಹಣ ಕೊಟ್ಟು ಆ ಉಳಿತಾಯವನ್ನು ತಮ್ಮ ಲೆಕ್ಕಕ್ಕೆ ಹಿಡಿಯಬಹುದೆಂದು ದಾರಿಯನ್ನೂ ಮಾಡಿಕೊಟ್ಟಿತು. ಆ ಒಪ್ಪಂದ ಜಾರಿಗೆ ಬಂದುದು ೨೦೦೫ರ ಫೆಬ್ರವರಿಯಲ್ಲಿ. ಕಾನೂನಿನ ಕಟ್ಟಿಲ್ಲದೆ ತಾವಾಗಿ ಕ್ರೆಡಿಟ್ ಕೊಳ್ಳುವ ಕಂಪನಿಗಳ ಪೇಟೆಯೊಂದು ಇದಕ್ಕೂ ಮೊದಲಿನಿಂದಲೇ ಬೇರೆಯಾಗಿ ನಡೆಯುತ್ತಿದ್ದಿತು. ನಮ್ಮ ಗುಡಿಬಂಡೆಯ ಕಥೆ ಆ ಎರಡನೆಯ ಪೇಟೆಗೆ ಸೇರಿದುದು; ಬಾಗೇಪಲ್ಲಿಯದು ಮೊದಲನೆಯದಕ್ಕೆ.

ಗುಡಿಬಂಡೆಗೆ ತಲಪಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ಊರಿನ ನೆತ್ತಿಯ ಮೇಲೆ ಒಂದೇ ಬಂಡೆಯಂತೆ ಬೆಟ್ಟ ನಿಂತಿದೆ. ಅದರ ಮೇಲೆ ಸುತ್ತುಸುತ್ತಾಗಿ ಕೋಟೆ. ಹಾವಳಿ ಬೈರೇಗೌಡನೆಂಬ ಪಾಳೆಯಗಾರನು ಇದನ್ನು ಕಟ್ಟಿಸಿದನೆಂದು ಹೇಳುವರು. ಮೆಟ್ಟಿಲುಗಳನ್ನು ಏರುತ್ತ ಹೋದಂತೆ ಬಂಡೆಯ ಮಡಿಲಿನಲ್ಲಿ ಒಂದರ ಮೇಲೊಂದರಂತೆ ದೊಣೆಗಳು ಸಿಕ್ಕುತ್ತವೆ. ಮಳೆಯ ನೀರು ಒಂದು ತೊಟ್ಟೂ ಪೋಲಾಗದಂತೆ ಇವುಗಳಲ್ಲಿ ಇಳಿದು ನಿಲ್ಲುವುದು. ಈ ಸೀಮೆಯಲ್ಲಿ ಕೋಟೆ ಕಟ್ಟುವವನಿಗೂ ಶತ್ರುವಿನ ಭಯಕ್ಕಿಂತ ಬಾಯಾರಿಕೆಯ ಭಯವೇ ಹೆಚ್ಚಾಗಿದ್ದಿತೆಂದು ಇದನ್ನು ನೋಡಿದವರಿಗೆ ತೋರದಿರದು.

ಮೇಲಿನಿಂದ ಕೆಳಗೆ ನೋಡಿದರೆ ಅಮಾನಿ ಬೈರಸಾಗರ. ಕಾರ್ತಿಕದಲ್ಲಿ ಕೆರೆ ತುಂಬಿದ್ದು, ಅದರ ಅಂಚು ನಮ್ಮ ಭರತಖಂಡದ ನಕ್ಷೆಯಂತೆ ಕಾಣುವುದೆಂದು ಊರಿನವರು ಅಭಿಮಾನದಿಂದ ತೋರಿಸುತ್ತಾರೆ. ಬೈರೇಗೌಡನು ಉಳ್ಳವರಿಂದ ಕಿತ್ತು ಇಲ್ಲದವರಿಗೆ ಹಂಚುತ್ತಿದ್ದನೆಂದೂ, ಅದರಿಂದಲೇ ಹಾವಳಿ ಎಂಬ ಬಿರುದು ಬಂದಿತೆಂದೂ ಐತಿಹ್ಯ. ಶಿಷ್ಯನು ನಕ್ಕು, “ಇವನೂ ಒಂದು ಬಗೆಯ ಆಫ್‌ಸೆಟ್ ಮಾಡಿದವನೇ ಅಲ್ಲವೇ ಮೇಷ್ಟ್ರೇ? ಒಂದು ಕಡೆ ಸುಲಿಗೆ, ಇನ್ನೊಂದು ಕಡೆ ಕೆರೆ!” ಎಂದನು. ಹುಡುಗನು ಪರಿಹಾಸಕ್ಕೆ ಆಡಿದ ಮಾತು. ಆದರೂ ನಮ್ಮನ್ನು ಯೋಚನೆಗೆ ಹಚ್ಚಿತು.

ಈ ಕೆರೆಯ ಸುತ್ತಣ ಒಣನೆಲಕ್ಕೆ ೨೦೦೨ರ ಅನಂತರ ಮಾವಿನ ಸಸಿಗಳು ಬಂದುವು. ಕೋಲ್ಡ್‌ಪ್ಲೇ ಎಂಬ ಇಂಗ್ಲೆಂಡಿನ ಪ್ರಸಿದ್ಧ ಗಾಯನಮಂಡಲಿಯೊಂದುಂಟು. ಅದು ೨೦೦೨ರಲ್ಲಿ ತನ್ನ ಎರಡನೆಯ ಗೀತಸಂಪುಟವನ್ನು ಹೊರಡಿಸಿದಾಗ, ಅದರ ತಯಾರಿಕೆ ಮತ್ತು ಹಂಚಿಕೆಯಿಂದ ಉಂಟಾದ ಹೊಗೆಯನ್ನು ಸರಿದೂಗಿಸಲು ಕರ್ನಾಟಕದಲ್ಲಿ ೧೦,೦೦೦ ಮಾವಿನ ಗಿಡಗಳನ್ನು ನೆಡಿಸುವುದಾಗಿ ಸಾರಿತು. ಅಭಿಮಾನಿಗಳೂ ತಲಾ ಹದಿನೇಳೂವರೆ ಪೌಂಡು ಕೊಟ್ಟು ಒಂದೊಂದು ಗಿಡವನ್ನು ತಮ್ಮ ಹೆಸರಿಗೆ ಕೊಳ್ಳಬಹುದಾಗಿದ್ದಿತು. ಉದ್ದೇಶದಲ್ಲಿ ಕಪಟವಿದ್ದಿತೆಂದು ನಾವು ಹೇಳಲಾರೆವು. ಮಾವು ನೆರಳು ಕೊಡುವುದು, ಹಣ್ಣು ಕೊಡುವುದು, ರೈತನಿಗೆ ನಾಲ್ಕು ಕಾಸು ಕೊಡುವುದು, ಜೊತೆಗೆ ಇಂಗಾಲವನ್ನೂ ಹೀರುವುದು. ಇದಕ್ಕಿಂತ ಸಾಧುವಾದ ದಾನ ಯಾವುದು?

ಆದರೆ ೨೦೦೬ರ ಏಪ್ರಿಲಿನಲ್ಲಿ ಲಂಡನ್ನಿನ ಪತ್ರಿಕೆಯೊಂದರ ಬಾತ್ಮೀದಾರರು ಈ ಹಳ್ಳಿಗಳಿಗೆ ಬಂದು ನೋಡಿ ಬರೆದ ವರದಿಯು ಅನೇಕರ ಕಣ್ಣು ತೆರೆಯಿತು. ಸಸಿಗಳಲ್ಲಿ ಬಹಳಷ್ಟು ಒಣಗಿಹೋಗಿದ್ದುವು. ನೀರಿನ ಅನುಕೂಲವಿದ್ದವರ ಗಿಡಗಳು ಉಳಿದಿದ್ದುವು, ಇಲ್ಲದವರವು ಹೋಗಿದ್ದುವು. ಗಿಡ ಬಂದಿತು, ಗಿಡಕ್ಕೆ ಎರೆಯಲು ನೀರಾಗಲಿ ನೋಡಿಕೊಳ್ಳಲು ಹಣವಾಗಲಿ ಬರಲಿಲ್ಲವೆಂಬುದು ರೈತರ ದೂರಾಗಿದ್ದಿತು. ಲಂಡನ್ನಿನ ಲೆಕ್ಕದ ಪುಸ್ತಕದಲ್ಲಿ ಮಾತ್ರ ಹತ್ತು ಸಾವಿರ ಮರಗಳು ಹಸುರಾಗಿಯೇ ನಿಂತಿದ್ದುವು.

ಮಾವನ್ನು ಬೆಳೆಸಿದ ನಮ್ಮ ವಾಚಕರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು. ಬೇರು ಆಳಕ್ಕೆ ಇಳಿಯುವವರೆಗೆ, ಎಂದರೆ ಮೊದಲ ಎರಡು ಮೂರು ಬೇಸಗೆಗಳಲ್ಲಿ, ಸಸಿಗೆ ನೀರು ಹೊತ್ತು ಹಾಕಲೇಬೇಕು. ಮೇಕೆ ಕಡಿಯದಂತೆ ಮುಳ್ಳುಬೇಲಿ ಕಟ್ಟಬೇಕು. ಗೆದ್ದಲು ಹತ್ತದಂತೆ ನೋಡಬೇಕು. ನೆಡುವುದು ಒಂದು ದಿನದ ಕೆಲಸ. ಉಳಿಸುವುದು ಸಾವಿರ ದಿನದ ಕೆಲಸ. ಗುಡಿಬಂಡೆಯ ಬಯಲಿನಲ್ಲಿ ಕುಡಿಯುವ ನೀರಿಗೇ ಹೆಂಗಸರು ಬಿಂದಿಗೆ ಹೊತ್ತು ಮೈಲಿಗಟ್ಟಲೆ ನಡೆಯಬೇಕಾದ ಬೇಸಗೆಗಳುಂಟು. ಅಂತಹ ಬೇಸಗೆಯಲ್ಲಿ ಕೊಡಪಾನದ ನೀರು ಮಗುವಿನ ಬಾಯಿಗೆ ಹೋಗಬೇಕೋ, ಕಂಡರಿಯದ ದೇಶದ ಲೆಕ್ಕಕ್ಕಾಗಿ ನೆಟ್ಟ ಸಸಿಯ ಬುಡಕ್ಕೆ ಹೋಗಬೇಕೋ? ಒಣಗಿದ ಸಸಿಗೆ ರೈತನನ್ನು ದೂರುವುದು ನ್ಯಾಯವಲ್ಲ.

ಇಲ್ಲಿ ನಮ್ಮ ಹಿಂದಿನವರ ನಡವಳಿಕೆಯೊಂದನ್ನು ಜ್ಞಾಪಿಸದೆ ಮುಂದೆ ಹೋಗಲಾರೆವು. ಕೋಲಾರದ ಸೀಮೆಯನ್ನು ಕೆರೆಗಳ ನಾಡೆಂದೇ ಕರೆಯುತ್ತ ಬಂದಿದ್ದಾರೆ. ಕನ್ನಡ ನಾಡಿನ ಶಾಸನಗಳನ್ನು ಓದಿದವರು ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳನ್ನು ಮತ್ತೆ ಮತ್ತೆ ಕಾಣುವರು. ಕೆರೆಯನ್ನು ಕಟ್ಟಿಸುವ ಪುಣ್ಯವಂತನು ಕಟ್ಟಿಸಿದ ಮಾತ್ರಕ್ಕೆ ಕೈ ತೊಳೆದುಕೊಳ್ಳುತ್ತಿರಲಿಲ್ಲ. ವರ್ಷವರ್ಷವೂ ಹೂಳು ತೆಗೆಯಲು, ಏರಿಗೆ ಮಣ್ಣು ಹೊರಿಸಲು, ಬಂಡಿಗೂ ಎತ್ತಿಗೂ ಆಳಿಗೂ ತಗಲುವ ವೆಚ್ಚಕ್ಕೆಂದು ಇಷ್ಟು ಗದ್ದೆ, ಇಷ್ಟು ಬೆಳೆಯ ಪಾಲು ಎಂದು ಕಲ್ಲಿನಲ್ಲಿ ಬರೆಯಿಸಿ, ಅದಕ್ಕೆ ಸೂರ್ಯಚಂದ್ರರನ್ನು ಸಾಕ್ಷಿಯಿಟ್ಟು ಹೋಗುತ್ತಿದ್ದನು. ತೂಬು ತೆಗೆದು ನೀರು ಹಂಚುವ ನೀರುಗಂಟಿಗೆ ಪ್ರತ್ಯೇಕವಾಗಿ ಸಲ್ಲುವ ಪಾಲಿದ್ದಿತು. ದಾನವೆಂದರೆ ವಸ್ತು ಮಾತ್ರವಲ್ಲ, ಆ ವಸ್ತುವನ್ನು ಕಾಯುವವನ ಅನ್ನವೂ ಹೌದು ಎಂಬುದನ್ನು ಅವರು ಬಲ್ಲರು. ಮಾವಿನ ಸಸಿಗಳನ್ನು ಕಳುಹಿಸಿದವರ ಪತ್ರದಲ್ಲಿ ಈ ಬಿತ್ತುವಟ್ಟದ ಪಂಕ್ತಿ ಬಿಟ್ಟುಹೋಗಿದ್ದಿತು.

ಗುಡಿಬಂಡೆಯಿಂದ ಬಾಗೇಪಲ್ಲಿಗೆ ಹೋಗುವ ದಾರಿ ಬಂಡೆಗುಡ್ಡಗಳ ನಡುವೆ ಹಾವಿನಂತೆ ಹರಿಯುವುದು. ಎರಡು ಕಡೆಯೂ ರಾಗಿಯ ಹೊಲ, ಕಡಲೆಕಾಯಿಯ ಹೊಲ, ನಡುನಡುವೆ ಜಾಲಿಯ ಪೊದೆ. ಇಲ್ಲಿಯ ಹಳ್ಳಿಗಳಲ್ಲಿ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಒಂದೇ ವಾಕ್ಯದಲ್ಲಿ ಎರಡೂ ಭಾಷೆಗಳು ಅಕ್ಕತಂಗಿಯರಂತೆ ಕೈಹಿಡಿದು ನಡೆಯುವುದನ್ನು ಕೇಳುವುದೇ ಒಂದು ಸೊಗಸು.

ದಾರಿಯಲ್ಲಿ ಶಿಷ್ಯನು ಕಂಪನಿಗಳ ಲೆಕ್ಕದ ರೀತಿಯನ್ನು ವಿವರಿಸಿದನು. ಮೊದಲು ಕಂಪನಿಯು ತನ್ನ ಹೊಗೆಯನ್ನು ಮೂರು ಭಾಗವಾಗಿ ಅಳೆಯಬೇಕು. ತನ್ನ ಸ್ವಂತ ಕುಲುಮೆ, ಜನರೇಟರು, ವಾಹನಗಳಿಂದ ಹೊರಡುವುದು ಒಂದು. ಕೊಂಡ ವಿದ್ಯುತ್ತನ್ನು ತಯಾರಿಸುವಾಗ ಬೇರೆಡೆ ಹೊರಟದ್ದು ಎರಡು. ಸಾಮಗ್ರಿ ಒದಗಿಸುವವರು, ಸಾಗಿಸುವವರು, ಉದ್ಯೋಗಿಗಳ ವಿಮಾನಪ್ರಯಾಣ, ಮಾರಿದ ವಸ್ತುವಿನ ಬಳಕೆ ಇವೆಲ್ಲ ಸೇರಿ ಮೂರು. ಅಳೆದ ಮೇಲೆ ಇಳಿಸಬಹುದಾದುದನ್ನೆಲ್ಲ ಇಳಿಸಬೇಕು. ಉಳಿದುದಕ್ಕೆ ಮಾತ್ರ ಕ್ರೆಡಿಟ್ ಕೊಳ್ಳಬೇಕು. “ಇದು ಶಾಸ್ತ್ರ. ಆಚಾರದಲ್ಲಿ ಎಷ್ಟೋ ಮಂದಿ ಮೂರನೆಯ ಹೆಜ್ಜೆಯನ್ನೇ ಮೊದಲು ಇಡುತ್ತಾರೆ. ಇಳಿಸುವುದಕ್ಕೆ ಯಂತ್ರ ಬದಲಿಸಬೇಕು, ಖರ್ಚು ಹೆಚ್ಚು, ಕ್ರೆಡಿಟ್ ಕೊಳ್ಳುವುದಕ್ಕೆ ಒಂದು ಚೆಕ್ಕು ಸಾಕು” ಎಂದನು.

ಚೆನ್ನಾಗಿ ನಡೆದುಕೊಂಡುದಕ್ಕೂ ಉದಾಹರಣೆ ಕೊಡುವುದು ನ್ಯಾಯ. ಬೆಂಗಳೂರಿನ ಇನ್ಫೋಸಿಸ್ ಕಂಪನಿಯು ೨೦೧೧ರಲ್ಲಿ ವಾಗ್ದಾನ ಮಾಡಿ, ೨೦೨೦ರಲ್ಲಿ ತಾನು ಇಂಗಾಲ ತಟಸ್ಥವಾದೆನೆಂದು ಸಾರಿತು. ಅದಕ್ಕೆ ಮೊದಲು, ೨೦೦೮ರಿಂದ ಆರಂಭಿಸಿ, ಕಟ್ಟಡಗಳ ರಚನೆಯನ್ನೂ ಹವಾನಿಯಂತ್ರಣವನ್ನೂ ತಿದ್ದಿ, ತಲಾ ವಿದ್ಯುತ್ತಿನ ವೆಚ್ಚವನ್ನು ಅರ್ಧಕ್ಕಿಂತ ಕಡಮೆ ಮಾಡಿಕೊಂಡಿತು, ಸೌರವಿದ್ಯುತ್ತನ್ನು ಅಳವಡಿಸಿತು. ಉಳಿದ ಹೊಗೆಗೆ ಗ್ರಾಮಾಂತರದ ಗೋಬರ್ ಗ್ಯಾಸು, ಸೌದೆ ಉಳಿಸುವ ಒಲೆ ಮೊದಲಾದ ಕಾರ್ಯಗಳಿಗೆ ಹಣವೊದಗಿಸಿತು. ಇಲ್ಲಿ ಹೆಜ್ಜೆಗಳ ಕ್ರಮ ಸರಿಯಾಗಿದೆ.

ಧರ್ಮಶಾಸ್ತ್ರವನ್ನು ಬಲ್ಲವರಿಗೆ ಈ ಕ್ರಮ ಹೊಸದಲ್ಲ. ಪ್ರಾಯಶ್ಚಿತ್ತವೆಂಬ ಪದವನ್ನು ಬಿಡಿಸಿ, ಪ್ರಾಯವೆಂದರೆ ತಪಸ್ಸು, ಚಿತ್ತವೆಂದರೆ ನಿಶ್ಚಯ ಎಂದು ನಿಬಂಧಕಾರರು ಅರ್ಥ ಹೇಳುವರು. ಪಶ್ಚಾತ್ತಾಪವೂ, ಮತ್ತೆ ಮಾಡೆನೆಂಬ ಸಂಕಲ್ಪವೂ ಇದ್ದಲ್ಲಿ ದಾನ ಸಾರ್ಥಕ. ನಾಳೆಯೂ ಅದೇ ಕರ್ಮವನ್ನು ಮಾಡುವೆನೆಂದು ಇಂದೇ ಗೋದಾನದ ಬೆಲೆಯನ್ನು ಎಣಿಸಿಡುವವನಿಗೆ ಅದು ಪ್ರಾಯಶ್ಚಿತ್ತವಲ್ಲ, ಪರವಾನಗಿ. ಬೈರೇಗೌಡನ ಕೆರೆಯ ವಿಷಯದಲ್ಲಿ ಶಿಷ್ಯನು ಆಡಿದ ಮಾತಿಗೆ ನಮ್ಮ ಉತ್ತರವೂ ಇದೇ. ಕೆರೆಯು ಸುಲಿಗೆಯನ್ನು ಅಳಿಸಲಾರದು. ಆದರೆ ಕೆರೆ ನಿಜವಾಗಿಯೂ ಅಲ್ಲಿದೆ, ನಿಜವಾಗಿಯೂ ತುಂಬಿದೆ, ಅಷ್ಟರಮಟ್ಟಿಗೆ ಒಳ್ಳೆಯದು. ಒಣಗಿದ ಮಾವಿಗೆ ಆ ಸಮಾಧಾನವೂ ಇಲ್ಲ.

ಬಾಗೇಪಲ್ಲಿಯ ಕಥೆ ಮಾವಿನದಲ್ಲ, ಒಲೆಯದು. ಇಲ್ಲಿಯ ಬಡ ರೈತರೂ ಕೂಲಿಗಾರರೂ ಸೇರಿದ ಕೂಲಿ ಸಂಘವೊಂದೂ, ಅದಕ್ಕೆ ಬೆಂಬಲವಾದ ಸೇವಾಸಂಸ್ಥೆಯೊಂದೂ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದುವು. ಅವು ಯೋಜಿಸಿದ ೫,೫೦೦ ಗೋಬರ್ ಗ್ಯಾಸ್ ಘಟಕಗಳ ಕಾರ್ಯವು ೨೦೦೫ರ ಡಿಸೆಂಬರಿನಲ್ಲಿ ಕ್ಯೋಟೋ ಒಪ್ಪಂದದ ಮಂಡಲಿಯಲ್ಲಿ ನೋಂದಣಿಯಾಯಿತು. ಒಂದೊಂದು ಘಟಕವೂ ಎರಡು ಘನಮೀಟರಿನದು. ಒಂದೊಂದು ಮನೆಗೆ ಒಂದೊಂದು. ಸೀಮೆಎಣ್ಣೆಯನ್ನೂ, ಕಡಿದ ಮೇಲೆ ಮತ್ತೆ ಚಿಗುರದ ಸೌದೆಯನ್ನೂ ಉರಿಸುವುದು ತಪ್ಪಿದುದರಿಂದ ಒಂದು ಒಲೆಗೆ ವರ್ಷಕ್ಕೆ ಸುಮಾರು ಮೂರೂವರೆ ಟನ್ನು ಉಳಿತಾಯವೆಂದು ಎಣಿಕೆ ಹಾಕಿದ್ದರು.

ಈ ಮೂರೂವರೆ ಟನ್ನು ಎಷ್ಟೆಂಬುದನ್ನು ವಾಚಕರು ಹೀಗೆ ಗ್ರಹಿಸಬಹುದು. ಬೆಂಗಳೂರಿನಿಂದ ಲಂಡನ್ನಿಗೆ ವಿಮಾನದಲ್ಲಿ ಹೋಗಿಬರುವ ಒಬ್ಬ ಸಾಮಾನ್ಯ ದರ್ಜೆಯ ಪ್ರಯಾಣಿಕನ ಪಾಲಿಗೆ ಬರುವ ಹೊಗೆ ಸುಮಾರು ಒಂದೂವರೆ ಎರಡು ಟನ್ನು. ಎಂದರೆ ಬಾಗೇಪಲ್ಲಿಯ ಒಬ್ಬ ಗೃಹಿಣಿಯು ಮುನ್ನೂರ ಅರುವತ್ತೈದು ದಿನ ಸಗಣಿ ಕದಡಿ, ಮುದ್ದೆ ಬೇಯಿಸಿ ಉಳಿಸಿದುದು ಇಬ್ಬರ ಒಂದು ಸಲದ ಪ್ರಯಾಣಕ್ಕೆ ಸರಿಹೋಗುವುದು. ತಕ್ಕಡಿಯ ಎರಡು ತಟ್ಟೆಗಳಲ್ಲಿ ಏನೇನು ಇದೆಯೆಂಬುದನ್ನು ಒಮ್ಮೆ ಕಣ್ಣಿಟ್ಟು ನೋಡುವುದು ಒಳ್ಳೆಯದು.

ಪಟ್ಟಣದಿಂದ ಸ್ವಲ್ಪ ದೂರದ ಹಳ್ಳಿಯೊಂದರಲ್ಲಿ ಇಂತಹ ಒಲೆಯ ಒಂದು ಮನೆಗೆ ಹೋದೆವು. ಹಿತ್ತಲಿನಲ್ಲಿ ನೆಲದೊಳಗೆ ಇಟ್ಟಿಗೆಯ ಗುಮ್ಮಟ. ಒಂದು ಕಡೆ ಸಗಣಿ ಕದಡುವ ತೊಟ್ಟಿ, ಇನ್ನೊಂದು ಕಡೆ ಬಗ್ಗಡ ಹೊರಬೀಳುವ ಗುಂಡಿ. ಮನೆಯ ಯಜಮಾನಿ ಐವತ್ತರ ಹೆಂಗಸು. ಕುಳಿತುಕೊಳ್ಳಲು ಚಾಪೆ ಹಾಸಿ, ಮಜ್ಜಿಗೆ ಕೊಟ್ಟ ಮೇಲೆಯೇ ಮಾತಿಗೆ ನಿಂತಳು.

“ದಿನಾ ಎಷ್ಟು ಸಗಣಿ ಬೇಕಮ್ಮ?” ಎಂದು ಕೇಳಿದೆವು.

“ನಾಲ್ಕು ಮಂಕರಿ ಬೇಕು ಸ್ವಾಮಿ. ಅಷ್ಟೇ ನೀರು. ಹೊತ್ತಾರೆ ಎದ್ದು ಕದಡಿ ಬಿಟ್ಟರೆ ಎರಡು ಹೊತ್ತಿನ ಅಡಿಗೆಗೆ ಬರುತ್ತದೆ. ಒಂದು ದಿನ ತಪ್ಪಿದರೆ ಮಾರನೆಯ ದಿನ ಉರಿ ಮಂಕು.”

“ಮೊದಲು ಸೌದೆಗೆ ಎಲ್ಲಿಗೆ ಹೋಗುತ್ತಿದ್ದಿರಿ?”

“ಆ ಗುಡ್ಡಕ್ಕೆ. ಎರಡು ದಿನಕ್ಕೊಂದು ಹೊರೆ. ಮಳೆಗಾಲದಲ್ಲಿ ಹಸಿ ಸೌದೆ. ಊದಿ ಊದಿ ಕಣ್ಣೆಲ್ಲ ಕೆಂಪು. ಈಗ ಆ ಊದುಕೊಳವೆಯನ್ನು ಮೊಮ್ಮಗ ಪೀಪಿ ಮಾಡಿಕೊಂಡಿದ್ದಾನೆ” ಎಂದು ನಕ್ಕಳು.

ಅಡಿಗೆಮನೆಯ ಗೋಡೆಯಲ್ಲಿ ಹಳೆಯ ಮಸಿಯ ಗುರುತು ಎದೆಯ ಮಟ್ಟದವರೆಗೆ ಇನ್ನೂ ಇದ್ದಿತು. ಅದರ ಮೇಲೆ ಬಳಿದ ಸುಣ್ಣ ಬೆಳ್ಳಗಿದ್ದಿತು. ಬಗ್ಗಡವನ್ನು ಹೊಲಕ್ಕೆ ಹಾಕುವರು. ತಿಪ್ಪೆಯ ಗೊಬ್ಬರಕ್ಕಿಂತ ಇದರಲ್ಲಿ ಕಳೆಬೀಜ ಕಡಮೆಯೆಂದು ಆಕೆ ಹೇಳಿದಳು. ಶಿಷ್ಯನು, ಈ ಒಲೆಯಿಂದ ಉಳಿದ ಹೊಗೆಯನ್ನು ವಿದೇಶದ ಕಂಪನಿಗಳು ಕೊಳ್ಳುವುದುಂಟೆಂದು ವಿವರಿಸಿದಾಗ ಆಕೆ ಸ್ವಲ್ಪ ಹೊತ್ತು ಯೋಚಿಸಿ, “ಹೊಗೆ ಇಲ್ಲದಿರುವುದನ್ನು ಕೊಳ್ಳುತ್ತಾರೆಯೇ? ಕೊಳ್ಳಲಿ. ಆದರೆ ಗ್ಯಾಸಿನ ಕೊಳವೆ ಒಡೆದರೆ, ಗುಮ್ಮಟ ಬಿರುಕುಬಿಟ್ಟರೆ ರಿಪೇರಿಗೆ ಯಾರು ಬರುತ್ತಾರೆ, ಅದನ್ನು ಹೇಳಿ ಸ್ವಾಮಿ” ಎಂದಳು. ನಮ್ಮ ಶಿಷ್ಯನು ಬರೆಯುವ ನೂರು ಪುಟದ ವರದಿಗಳ ತಿರುಳನ್ನು ಆಕೆ ಒಂದು ಪ್ರಶ್ನೆಯಲ್ಲಿ ಹಿಡಿದಿದ್ದಳು.

ಅದೇ ಬೀದಿಯ ತುದಿಯಲ್ಲಿ ಇನ್ನೊಂದು ಮನೆಯ ಹಿತ್ತಲಿನಲ್ಲಿ ಅಂತಹುದೇ ಗುಮ್ಮಟವಿದ್ದಿತು. ಅದರ ಮೇಲೆ ಕುಂಬಳದ ಬಳ್ಳಿ ಹಬ್ಬಿದ್ದಿತು. ಬರಗಾಲದಲ್ಲಿ ಮೇವಿಲ್ಲದೆ ದನಗಳನ್ನು ಮಾರಿದರು; ಸಗಣಿ ಹೋಯಿತು, ಗ್ಯಾಸೂ ಹೋಯಿತು. ಮನೆಯವರು ಸಿಲಿಂಡರಿನ ಗ್ಯಾಸನ್ನೂ, ಅದು ಮುಗಿದ ದಿನಗಳಲ್ಲಿ ಸೌದೆಯನ್ನೂ ಬಳಸುತ್ತಿದ್ದಾರೆ. ಉರಿಯದ ಒಲೆಯ ಟನ್ನನ್ನು ಲೆಕ್ಕದಿಂದ ಕಳೆಯಬೇಕಲ್ಲವೆ? ಕಳೆಯಲೇಬೇಕು. ಅದಕ್ಕಾಗಿಯೇ ಎಷ್ಟು ಮನೆಗಳಲ್ಲಿ ಎಷ್ಟು ದಿನ ಒಲೆ ಉರಿಯಿತೆಂಬುದನ್ನು ಬರೆದಿಡುವುದೂ, ಹೊರಗಿನ ಪರೀಕ್ಷಕರು ಬಂದು ತಾಳೆ ನೋಡುವುದೂ ನೋಂದಾಯಿತ ಯೋಜನೆಗಳ ನಿಯಮ. ನಿಯಮವನ್ನು ಸಡಿಲವಾಗಿ ಹಿಡಿದರೆ ಏನಾಗುವುದೆಂಬುದಕ್ಕೂ ನಿದರ್ಶನವುಂಟು. ಲೋಕದ ನಾನಾ ಕಡೆಯ ಒಲೆಯ ಯೋಜನೆಗಳನ್ನು ಪರಿಶೀಲಿಸಿ ೨೦೨೪ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ತಾನು ನೋಡಿದವುಗಳಲ್ಲಿ ನಿಜವಾದ ಉಳಿತಾಯದ ಸುಮಾರು ಒಂಬತ್ತರಷ್ಟು ಕ್ರೆಡಿಟ್‌ಗಳನ್ನು ಹುಟ್ಟಿಸಲಾಗಿದೆಯೆಂದು ಕಂಡುಹಿಡಿಯಿತು. ಒಲೆ ಕೊಟ್ಟ ಮನೆಯವರೆಲ್ಲರೂ ಪ್ರತಿದಿನವೂ ಅದರಲ್ಲಿಯೇ ಅಡಿಗೆ ಮಾಡುತ್ತಾರೆಂದು ಊಹಿಸಿದುದು ಇದಕ್ಕೆ ಒಂದು ಕಾರಣ. ಕಾಡುಗಳನ್ನು ಉಳಿಸಿದೆವೆಂದು ಮಾರಿದ ಕ್ರೆಡಿಟ್‌ಗಳ ಮೇಲೂ ೨೦೨೩ರ ಜನವರಿಯಲ್ಲಿ ಪತ್ರಿಕೆಗಳು ಇಂತಹುದೇ ಆಕ್ಷೇಪವನ್ನು ಹೊರಿಸಿದುವು. ಪ್ರಮಾಣಪತ್ರ ಕೊಟ್ಟ ಸಂಸ್ಥೆಯು ಅದನ್ನು ಒಪ್ಪಲಿಲ್ಲ.

ಹೀಗಿದ್ದರೂ ಬಾಗೇಪಲ್ಲಿಯ ರೀತಿಯಲ್ಲಿ ಗುಡಿಬಂಡೆಯ ರೀತಿಯಲ್ಲಿಲ್ಲದ ಒಂದು ಗುಣವಿದೆ. ಒಲೆಯು ಉರಿದರೆ ಮೊದಲ ಲಾಭ ಒಲೆಯ ಮುಂದೆ ಕುಳಿತವಳಿಗೆ. ಲಂಡನ್ನಿನ ಲೆಕ್ಕ ಏನಾದರೂ ಆಗಲಿ, ಅವಳ ಕಣ್ಣು ಉಳಿಯಿತು, ಸೌದೆಯ ಹೊರೆ ತಪ್ಪಿತು. ಆದುದರಿಂದ ಅದನ್ನು ಕಾಪಾಡಲು ಅವಳಿಗೆ ತನ್ನದೇ ಕಾರಣವಿದೆ. ಮಾವಿನ ಸಸಿಯು ಫಲ ಕೊಡುವುದು ಐದಾರು ವರ್ಷದ ಮೇಲೆ. ನೀರನ್ನು ಕೇಳುವುದು ಇಂದು. ಇಂದಿನ ಕೂಲಿ ಬಿಟ್ಟು ಐದು ವರ್ಷದ ಅನಂತರದ ಹಣ್ಣಿಗಾಗಿ ನೀರು ಹೊರುವ ಚೈತನ್ಯ ಬಡವನಿಗೆ ಇಲ್ಲ. ಅದನ್ನು ದಾನಿಯೇ ತುಂಬಿಕೊಡಬೇಕು.

ಪೇಟೆಯ ಏರಿಳಿತದ ಮಾತನ್ನೂ ಹೇಳಿಬಿಡಬೇಕು. ಕ್ಯೋಟೋ ಒಪ್ಪಂದದ ಕ್ರೆಡಿಟ್ ಒಂದಕ್ಕೆ ಯೂರೋಪಿನ ಪೇಟೆಯಲ್ಲಿ ೨೦೦೮ರಲ್ಲಿ ಇಪ್ಪತ್ತು ಯೂರೋಗಳಿಗಿಂತ ಹೆಚ್ಚು ಬೆಲೆಯಿದ್ದಿತು. ೨೦೧೨ರ ಕೊನೆಗೆ ಅದು ಒಂದು ಯೂರೋವಿಗಿಂತ ಕೆಳಗೆ ಬಿದ್ದಿತು. ಕಡಲೆಕಾಯಿಯ ಧಾರಣೆ ಬಿದ್ದರೆ ರೈತನು ಮುಂದಿನ ವರ್ಷ ಬೇರೆ ಬೆಳೆ ಇಡುವನು. ಆದರೆ ಗುಮ್ಮಟ ಕಟ್ಟಿಯಾದ ಮೇಲೆ ಧಾರಣೆ ಬಿದ್ದರೆ ರಿಪೇರಿಯ ಹಣ ಎಲ್ಲಿಂದ ಬರಬೇಕು? ಹಳೆಯ ದಾನಿಗಳು ಕೆರೆಯ ಪೋಷಣೆಗೆ ಬೆಳೆಯುವ ಗದ್ದೆಯನ್ನು ಬಿಟ್ಟರೇ ಹೊರತು ಪೇಟೆಯ ಧಾರಣೆಯನ್ನು ಬಿಡಲಿಲ್ಲ. ಇದರಲ್ಲಿ ಅವರ ದೂರದೃಷ್ಟಿ ಇದ್ದಿತು.

ನಮ್ಮ ದೇಶವೂ ೨೦೨೩ರಲ್ಲಿ ಕಾರ್ಬನ್ ಕ್ರೆಡಿಟ್‌ಗಳ ವ್ಯಾಪಾರಕ್ಕೆ ತನ್ನದೇ ಯೋಜನೆಯನ್ನು ಪ್ರಕಟಿಸಿತು. ಯೂರೋಪಿನ ಒಕ್ಕೂಟವು ೨೦೨೪ರಲ್ಲಿ, ಬರಿಯ ಆಫ್‌ಸೆಟ್ಟಿನ ಬಲದಿಂದ ಒಂದು ವಸ್ತುವನ್ನು ಇಂಗಾಲ ತಟಸ್ಥವೆಂದು ಜಾಹೀರು ಮಾಡಿ ಮಾರಕೂಡದೆಂದು ಶಾಸನ ಮಾಡಿತು. ಮುಂದೆ ಈ ಮಾತುಗಳು ವಿಮಾನದ ಟಿಕೆಟ್ಟಿನ ಮೇಲೂ, ಅಂಗಡಿಯ ಪೊಟ್ಟಣದ ಮೇಲೂ ನಮ್ಮ ಗೃಹಸ್ಥರ ಕಣ್ಣಿಗೆ ಹೆಚ್ಚು ಹೆಚ್ಚಾಗಿ ಬೀಳುವುವು. ಆಗ ಮೂರು ಪ್ರಶ್ನೆಗಳನ್ನು ಕೇಳುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಈ ಕಂಪನಿಯು ಮೊದಲು ತನ್ನ ಮನೆಯ ಹೊಗೆಯನ್ನು ಎಷ್ಟು ಇಳಿಸಿತು? ಅದು ಹಣ ಕೊಡದಿದ್ದರೆ ಆ ಒಳ್ಳೆಯ ಕೆಲಸ ಹೇಗೂ ನಡೆಯುತ್ತಿರಲಿಲ್ಲವೆ? ಕೊಟ್ಟ ಹಣದಲ್ಲಿ ನೀರು ಹೊರುವವಳಿಗೆ, ಸಗಣಿ ಕದಡುವವಳಿಗೆ, ಗುಮ್ಮಟ ರಿಪೇರಿ ಮಾಡುವವನಿಗೆ ಎಷ್ಟು ತಲಪುವುದು, ಎಷ್ಟು ವರ್ಷ ತಲಪುವುದು? ಮೂರಕ್ಕೂ ನೇರವಾದ ಉತ್ತರ ದೊರೆತರೆ ಆ ಹಣ ಸತ್ಪಾತ್ರಕ್ಕೆ ಸೇರಿತೆಂದು ತಿಳಿಯಬಹುದು. ಇಂತಹ ಹಣವು ಬಡ ಹಳ್ಳಿಗಳಿಗೆ ಬರುವ ಬೇರೆ ದಾರಿಗಳು ಹೆಚ್ಚಿಲ್ಲವಾದುದರಿಂದ, ಪದ್ಧತಿಯಲ್ಲಿ ದೋಷವಿದೆಯೆಂದು ಪದ್ಧತಿಯನ್ನೇ ಕಿತ್ತೊಗೆಯುವುದಕ್ಕಿಂತ ಅದನ್ನು ತಿದ್ದಿ ನಡೆಯಿಸುವುದೇ ಮೇಲು.

ಈ ಕಡೆಗೆ ಹೋಗಬಯಸುವ ವಾಚಕರು ಮಳೆಗಾಲ ಕಳೆದ ಮೇಲೆ, ಕಾರ್ತಿಕ ಮಾರ್ಗಶಿರಗಳಲ್ಲಿ ಹೋಗುವುದು ಒಳ್ಳೆಯದು. ಕೆರೆ ತುಂಬಿರುವುದು, ಬಂಡೆ ಕಾದಿರುವುದಿಲ್ಲ. ಬುತ್ತಿಯನ್ನೂ ಕುಡಿಯುವ ನೀರನ್ನೂ ಜೊತೆಗೆ ಒಯ್ಯಬೇಕು. ಗುಡಿಬಂಡೆಯ ಕೋಟೆಯನ್ನು ಬೆಳಗ್ಗೆಯೇ ಹತ್ತಿ ಇಳಿದರೆ ಮಧ್ಯಾಹ್ನದ ಹೊತ್ತಿಗೆ ಬಾಗೇಪಲ್ಲಿಯನ್ನು ಸೇರಬಹುದು. ದಾರಿಯಲ್ಲಿ ಎಲ್ಲಿಯಾದರೂ ಎಳೆಯ ಮಾವಿನ ತೋಪು ಹಸುರಾಗಿ ನಿಂತಿರುವುದು ಕಂಡರೆ, ಬಂಡಿಯನ್ನು ನಿಲ್ಲಿಸಿ, ಇದಕ್ಕೆ ಬೇಸಗೆಯಲ್ಲಿ ನೀರು ಹಾಕಿದವರು ಯಾರೆಂದು ವಿಚಾರಿಸಿರಿ. ಅವರೊಡನೆ ನಾಲ್ಕು ಮಾತಾಡಿದರೆ ಈ ಪ್ರಯಾಣದ ಅರ್ಧ ಫಲ ದೊರೆಯುವುದು.